ಹೊಲಿಗೆ ಕ್ಲಾಸಿನ ಮೇಡಂ

ನಾನು ಕೋಪಿಷ್ಠೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದೆಲ್ಲ ಆ ಕೋಪದಿಂದಲೇ ಆದದ್ದು. ಎಚ್‌ಐವಿ ಇರುವವರಿಗೆ ಉಚಿತವಾಗಿ ಮಾತ್ರೆ ಕೊಡುವ ಒಂದು ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಸೆಂಟರ್ ಬೆಂಗಳೂರಿನ ದಕ್ಷಿಣದಲ್ಲಿದೆ, ಹೆಸರು ಬೇಡ. ಬಂದವರ ಕಷ್ಟವನ್ನು ತಾಳ್ಮೆಯಿಂದ ಕೇಳುವುದು ನನ್ನ ಕೆಲಸ. ಮನೆಯಲ್ಲಿ ಗಂಡ, "ನಿಂಗೆ ಆ ಕೆಲ್ಸ ಕೊಟ್ಟೋರಿಗೆ ಮೊದ್ಲು ಕೌನ್ಸೆಲಿಂಗ್ ಮಾಡ್ಬೇಕು" ಎಂದು ರೇಗಿಸುತ್ತಾರೆ. ಮೊದಲೆಲ್ಲ ನಾನೂ ನಗುತ್ತಿದ್ದೆ. ಈಗ ಅವರು ಆ ಮಾತೆತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ನಮ್ಮ ಮಾತ್ರೆ ದಿನಕ್ಕೊಂದು, ಒಂದೇ ಹೊತ್ತಿಗೆ, ಬದುಕಿರುವ ತನಕ. ತಪ್ಪಿಸಿದರೆ ವೈರಸ್ ಮತ್ತೆ ತಲೆ ಎತ್ತುತ್ತದೆ. ತಪ್ಪಿಸುತ್ತಲೇ ಇದ್ದರೆ ಕೊನೆಗೆ ಮಾತ್ರೆಗೂ ಬಗ್ಗುವುದಿಲ್ಲ. ಆದ್ದರಿಂದ ಪ್ರತಿ ಸಲ ಬರುವಾಗ ಉಳಿದ ಮಾತ್ರೆಗಳನ್ನು ಡಬ್ಬಿಯ ಸಮೇತ ತರಬೇಕು. ನನ್ನ ಮೇಜಿನ ಮೇಲೊಂದು ಸ್ಟೀಲ್ ತಟ್ಟೆ ಇದೆ. ಅದರಲ್ಲಿ ಮಾತ್ರೆ ಸುರಿದು, ಐಸ್‌ಕ್ರೀಮ್ ಕಡ್ಡಿಯಿಂದ ಐದೈದಾಗಿ ಸರಿಸಿ ಎಣಿಸುತ್ತೇನೆ. ಹೆಚ್ಚು ಉಳಿದಿದ್ದರೆ ನುಂಗದೆ ತಪ್ಪಿಸಿದ್ದಾರೆ ಎಂದರ್ಥ. ಕೆಲವರು ಬರುವ ಮುಂಚೆ ಮನೆಯಲ್ಲೇ ಎಣಿಸಿ, ಹೆಚ್ಚಾದದ್ದನ್ನು ಕಮೋಡಿಗೆ ಹಾಕಿ, ಏನೂ ಅರಿಯದವರ ಹಾಗೆ ಬಂದು ಕೂರುತ್ತಾರೆ. ಅಂಥವರನ್ನು ಮುಖ ನೋಡಿದ ಕೂಡಲೇ ಹಿಡಿಯುತ್ತೇನೆ ಎಂಬ ಜಂಭ ನನಗಿತ್ತು.

ನಿಜ ತಿಳಿಯಲು ಬೇರೆ ದಾರಿ ಇಲ್ಲವೆಂದಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ಪರೀಕ್ಷೆ ಇದೆ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರಿಗೆ ವರ್ಷಕ್ಕೊಮ್ಮೆ ಮಾಡಬೇಕು. ಕಿಟ್ ಬಂದರೆ ಮಾಡುತ್ತೇವೆ. ಕಿಟ್ ಇಲ್ಲದ ತಿಂಗಳುಗಳಲ್ಲಿ ನನ್ನ ತಟ್ಟೆಯೇ ಗತಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲ ಹೊರಗೆ ಕಾರಿಡಾರ್ ಉದ್ದಕ್ಕೂ ಜನ ನಿಂತಿರುತ್ತಾರೆ, ಎಣಿಸುವವಳು ನಾನೊಬ್ಬಳೇ. ಒಬ್ಬೊಬ್ಬರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು.

ಬರುವುದನ್ನು ನಿಲ್ಲಿಸಿದವರನ್ನು ಹುಡುಕಿಕೊಂಡು ಮನೆಗೆ ಹೋಗುವುದು ನನ್ನ ಕೆಲಸವಲ್ಲ. ಅದಕ್ಕೆ ಬೇರೆಯೇ ಒಬ್ಬ ಸಹೋದ್ಯೋಗಿ ಇದ್ದಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಹೊಸಬರು ಹೆಸರು ಬರೆಸುವ ದಿನವೇ ಅವರು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಾರೆ: "ಅಕಸ್ಮಾತ್ ನಿಮ್ಮನೆಗೆ ಬರ್ಬೇಕಾಗಿ ಬಂದ್ರೆ ನಾನ್ಯಾರು ಅಂತ ಹೇಳ್ಲಿ?" ಕೆಲವರು ಗ್ಯಾಸ್ ಸ್ಟವ್ ರಿಪೇರಿಯವನು ಅನ್ನುತ್ತಾರೆ, ಕೆಲವರು ಇನ್ಶೂರೆನ್ಸ್ ಏಜೆಂಟ್, ಕೆಲವರು ಕೋಲಾರದ ಕಡೆಯ ಸೋದರಮಾವ. ಅದನ್ನು ಫೈಲಿನಲ್ಲಿ ಬರೆದುಕೊಂಡು ಅವರು ಹಾಗೆಯೇ ಹೋಗುತ್ತಾರೆ. ಒಮ್ಮೆ ಜರಗನಹಳ್ಳಿಯ ಒಂದು ವಠಾರದಲ್ಲಿ ಪಕ್ಕದ ಮನೆಯವರು ನಮ್ಮ ಸ್ಟವ್ ಕೂಡ ನೋಡಿ ಎಂದು ಹಿಡಿದುಕೊಂಡು, ಪಾಪ, ಬರ್ನರ್ ಬಿಚ್ಚಿ ಉಜ್ಜಿಕೊಟ್ಟು ಬಂದಿದ್ದರು. ಹೊರಡುವ ಮುಂಚೆ ಅವರು ಮಾಡುವ ಮೊದಲ ಕೆಲಸವೆಂದರೆ ಕೊರಳಿನ ಐಡಿ ಕಾರ್ಡ್ ತೆಗೆದು ಡ್ರಾಯರಿನಲ್ಲಿಟ್ಟು ಬೀಗ ಹಾಕುವುದು. ನಮ್ಮ ಕಾರ್ಡಿನ ಮೇಲೆ ಕೆಂಪು ರಿಬ್ಬನ್ನಿನ ಚಿತ್ರವಿದೆ. ಅದು ಯಾವ ಕಾಯಿಲೆಯ ಗುರುತು ಎಂದು ಬಸ್ ಸ್ಟಾಪಿನಲ್ಲಿ ನಿಂತ ಮಗುವಿಗೂ ಗೊತ್ತು.

ಇನ್ನು ಅವಳ ವಿಷಯ. ಬಾಗಲಕೋಟೆ ಕಡೆಯವಳು, ಮೂವತ್ತರ ಆಸುಪಾಸು. ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದಳು, ಅಲ್ಲೇ ಹತ್ತಿರ ಗಂಡನ ಜೊತೆ ಮಹಡಿಯ ಮೇಲಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದಳು. ಗಂಡ ಜಯನಗರದ ಯಾವುದೋ ಆಫೀಸಿನಲ್ಲಿ ಅಟೆಂಡರ್. ಬಿಡದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಅವಳಿಗೆ ಗೊತ್ತಾಗಿತ್ತು. ಮೊದಲ ದಿನ ನನ್ನ ಮುಂದೆ ಕೂತು ಅಳಲಿಲ್ಲ. "ಎಷ್ಟು ಗಂಟೆಕ್ಕ ನುಂಗಬೇಕ್ರಿ?" ಎಂದಷ್ಟೇ ಕೇಳಿದಳು. ಪಿಜಿಯ ತಿಂಡಿ ಕೆಲಸ ಮುಗಿಯುವುದು ಹತ್ತೂವರೆಗೆ, ಆ ಹೊತ್ತೇ ಇರಲಿ ಎಂದು ಇಬ್ಬರೂ ಸೇರಿ ಗೊತ್ತುಮಾಡಿದೆವು. ಮನೆಗೆ ಬಂದರೆ ಯಾರೆಂದು ಹೇಳಬೇಕು ಎಂದು ಸಹೋದ್ಯೋಗಿ ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಗಂಡಸರು ಬ್ಯಾಡ್ರಿ, ಓನರ್ ಅವ್ವಾರು ಸಂಶೆ ಮಾಡ್ತಾರ. ಹೆಣ್ಮಕ್ಕಳನ್ನ ಕಳಸ್ರಿ, ಹೊಲಿಗಿ ಕ್ಲಾಸಿನ ಮೇಡಂ ಅಂತ ಹೇಳ್ತೀನಿ" ಎಂದಳು.

ಅವಳ ತಟ್ಟೆ ಎಂದೂ ತಪ್ಪಲಿಲ್ಲ. ಆರು ಉಳಿಯಬೇಕಾದಲ್ಲಿ ಆರೇ, ನಾಲ್ಕು ಉಳಿಯಬೇಕಾದಲ್ಲಿ ನಾಲ್ಕೇ. ಮೊದಲ ಆರು ತಿಂಗಳಿಗೆ ಮಾಡಿದ ರಕ್ತ ಪರೀಕ್ಷೆಯೂ ಚೆನ್ನಾಗಿ ಬಂತು, ವೈರಸ್ ಸಿಗದಷ್ಟು ಕಡಿಮೆಯಾಗಿತ್ತು. ಮುಖ ತುಂಬಿಕೊಂಡಿತು. ಹೊಸಬರು ರಂಪ ಮಾಡಿದಾಗ ನಾನು ಅವಳನ್ನು ತೋರಿಸಿ, "ಈ ಅಕ್ಕನ್ನ ನೋಡಿ ಕಲೀರಿ" ಎನ್ನುತ್ತಿದ್ದೆ. ಇಷ್ಟು ಸರಿಯಾಗಿರುವವಳು ತಿಂಗಳು ತಿಂಗಳೂ ಕ್ಯೂ ನಿಲ್ಲುವುದೇಕೆ ಎಂದು ಡಾಕ್ಟರಿಗೆ ಹೇಳಿ, ಮೂರು ತಿಂಗಳ ಡಬ್ಬಿಗಳನ್ನು ಒಟ್ಟಿಗೆ ಕೊಡಿಸಿದವಳೂ ನಾನೇ.

ಒಂದೇ ಕೊರತೆ ಇತ್ತು. ಗಂಡನನ್ನು ಪರೀಕ್ಷೆಗೆ ಕರೆತರುತ್ತಿರಲಿಲ್ಲ. ಪ್ರತಿ ಸಲವೂ ನಾನು ಅದನ್ನೇ ಹೇಳುತ್ತಿದ್ದೆ. "ಅವ್ರಿಗೂ ಇದ್ರೆ ಅವ್ರಿಗೂ ಮಾತ್ರೆ ಬೇಕಮ್ಮ. ನೀವೊಬ್ರೇ ಚೆನ್ನಾಗಿದ್ರೆ ಸಾಕಾ?" ಈ ಕೊನೆಯ ಮಾತು ನಾನು ಎಲ್ಲ ಹೆಂಗಸರಿಗೂ ಹೇಳುತ್ತಿದ್ದದ್ದು. ಚುರುಕು ಮುಟ್ಟಲಿ ಎಂದು ಹೇಳುವುದು. ಅವಳು ತಲೆ ಬಗ್ಗಿಸಿ, "ಮುಂದಿನ ಸಲ ಕರಕೊಂಡ ಬರ್ತೀನ್ರಿ" ಎನ್ನುವಳು.

ಎರಡನೆಯ ವರ್ಷ ಅವಳು ಸೊರಗತೊಡಗಿದಳು. ಮೊದಲು ಕೆನ್ನೆ, ಆಮೇಲೆ ಕೈ. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಕೇಳಿದರೆ, "ಪಿಜಿಯೊಳಗ ಹುಡುಗ್ರು ಜಾಸ್ತಿ ಆಗ್ಯಾರ್ರಿ, ಕೆಲಸ ಭಾಳ" ಎಂದಳು. ನಾನು ತಟ್ಟೆ ನೋಡಿದೆ. ಲೆಕ್ಕ ಕರಾರುವಾಕ್ಕಾಗಿತ್ತು. ಮುಂದಿನ ಸಲ ಸಣ್ಣಗೆ ಕೆಮ್ಮು ಇತ್ತು. ಮತ್ತೆ ತಟ್ಟೆ ನೋಡಿದೆ, ಮತ್ತೆ ಸರಿಯಾಗಿತ್ತು. ವರ್ಷದ ರಕ್ತ ಪರೀಕ್ಷೆಯ ಗಡುವು ಆಗಲೇ ದಾಟಿತ್ತು, ಕಿಟ್ ಬಂದಿರಲಿಲ್ಲ. ಬರಲಿ, ಇವಳಿಗೇನು ಅವಸರ, ಬೇರೆಯವರಿಗೆ ಮೊದಲು ಮಾಡಿಸೋಣ ಎಂದು ಅವಳ ಹೆಸರನ್ನು ಪಟ್ಟಿಯ ಕೆಳಗೆ ಬರೆದೆ. ಈಗ ನೆನೆದರೆ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ. ಕಣ್ಣೆದುರಿಗೆ ಒಬ್ಬಳು ಕರಗುತ್ತಿದ್ದಾಳೆ, ನಾನು ಕಡ್ಡಿ ಹಿಡಿದು ಮಾತ್ರೆ ಎಣಿಸುತ್ತಿದ್ದೇನೆ.

ಕಿಟ್ ಬಂದದ್ದು ನಾಲ್ಕು ತಿಂಗಳ ಮೇಲೆ. ಅವಳು ಮಾತ್ರೆಗೆ ಬಂದ ದಿನ ರಕ್ತ ತೆಗೆದು, ಮೂರು ಡಬ್ಬಿ ಕೊಟ್ಟು ಕಳಿಸಿದೆವು. ರಿಪೋರ್ಟ್ ಬಂದಾಗ ಅವಳು ಹೋಗಿ ತಿಂಗಳ ಮೇಲಾಗಿತ್ತು. ಕಾಗದದ ಮೇಲಿದ್ದ ಸಂಖ್ಯೆಯನ್ನು ಎರಡು ಸಲ ಓದಿದೆ. ಲಕ್ಷ ದಾಟಿತ್ತು. ಮಾತ್ರೆಯನ್ನೇ ಕಾಣದವರ ರಕ್ತದಲ್ಲಿ ಇರುವಷ್ಟು ವೈರಸ್.

ಡಾಕ್ಟರ್ ಹೇಳಿದರು: "ಮಾತ್ರೆ ಎಸೀತಿದಾರೆ ಅನ್ಸುತ್ತೆ. ಕರೆಸಿ ಮಾತಾಡಿ. ಮೂರು ತಿಂಗಳು ಸರಿಯಾಗಿ ತಗೊಂಡ್ರೆ ಇನ್ನೂ ಹಿಡೀಬಹುದು. ಲೇಟ್ ಮಾಡ್ಬೇಡಿ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನನ್ನನ್ನು ಮಂಗ ಮಾಡಿದ್ದಾಳೆ ಎಂದೇ ಅನ್ನಿಸಿದ್ದು. ಅವಳ ಜೀವಕ್ಕೆ ಏನಾಗುತ್ತದೋ ಎಂಬ ಹೆದರಿಕೆ ಆಮೇಲೆ ಬಂತು, ಅವಮಾನ ಮೊದಲು ಬಂತು. ಫೋನ್ ಮಾಡಿದೆ. "ಬರ್ತೀನ್ರಿ" ಎಂದಳು, ಬರಲಿಲ್ಲ. ಮತ್ತೆ ಮಾಡಿದೆ. ಪಿಜಿಯಲ್ಲಿ ಇನ್ನೊಬ್ಬ ಅಡುಗೆಯವಳು ಊರಿಗೆ ಹೋಗಿದ್ದಾಳೆ, ರಜೆ ಸಿಗುತ್ತಿಲ್ಲ ಎಂದಳು. ಸಹೋದ್ಯೋಗಿಗೆ ಹೇಳಿದೆ. ಅವರು ಫೈಲ್ ನೋಡಿ, "ಹೆಂಗಸರೇ ಹೋಗ್ಬೇಕು ಅಂತ ಬರ್ಸಿದಾರೆ ಮೇಡಂ. ಸೋಮವಾರ ಫೀಲ್ಡಿನ ಒಬ್ರು ಹೆಂಗಸರನ್ನ ಕಳಿಸ್ತೀನಿ, ಅವ್ರಿಗೆ ಎಲ್ಲಾ ಹೇಳ್ಕೊಟ್ಟು" ಎಂದರು. ಅವತ್ತು ಬುಧವಾರ. ನನಗೆ ಸೋಮವಾರದ ತನಕ ಕಾಯುವ ತಾಳ್ಮೆ ಇರಲಿಲ್ಲ.

ಗುರುವಾರ ಹತ್ತು ಗಂಟೆಗೆ ಕ್ಯೂ ಬಿಟ್ಟು ಎದ್ದೆ. ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಅವಳಿಗೆ ಬೈಯಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಮೂರು ಮಹಡಿಯ ಮನೆ. ಕೆಳಗೆ ಓನರ್ ಹೆಂಗಸು ಮೆಟ್ಟಿಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಹೊಲಿಗೆ ಕ್ಲಾಸಿನಿಂದ ಬಂದಿದ್ದೇನೆ ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ಮೇಲ್ಗಡೆ, ಲಾಸ್ಟ್ ರೂಮು" ಎಂದರು.

ಬಾಗಿಲು ಅರ್ಧ ತೆರೆದಿತ್ತು. ಗಂಡ ನೆಲದ ಮೇಲೆ ಕೂತು ರೊಟ್ಟಿ ತಿಂದು ಮುಗಿಸಿದ್ದ, ಮಧ್ಯಾಹ್ನದ ಪಾಳಿಗೆ ಹೊರಡುವ ಹಾಗೆ ಯೂನಿಫಾರ್ಮ್ ಹಾಕಿದ್ದ. ಅವಳು ಅವನ ಮುಂದೆ ಮೊಣಕಾಲೂರಿ ಕೂತು ಒಂದು ಕೈಯಲ್ಲಿ ನೀರಿನ ಲೋಟ ಹಿಡಿದಿದ್ದಳು. ಇನ್ನೊಂದು ಅಂಗೈಯಲ್ಲಿ ನಮ್ಮ ಮಾತ್ರೆ ಇತ್ತು. ಅದನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಅವನು ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ.

ನನ್ನನ್ನು ಕಂಡು ಅವಳು ಎದ್ದು ನಿಂತಳು. ಹೆದರಿದ ಹಾಗೆ ಕಾಣಲಿಲ್ಲ. ಮನೆಗೆ ಬಂದವರನ್ನು ಕೂರಿಸಬೇಕೆಂದು ಚಾಪೆಗೆ ಕೈ ಹಾಕಿದಳು.

"ಇದೇನ್ರೀ ಇದು?" ಎಂದೆ.

"ಒಂದ ದಿನ ಅವರಿಗೆ, ಒಂದ ದಿನ ನನಗ್ರಿ" ಎಂದಳು. "ಅವರೂ ಹೊರಗ ರಕ್ತ ತೋರಿಸಿದ್ರು. ಅವರಿಗೂ ಅದ ಬ್ಯಾನಿ ಬಂತು. ನಿಮ್ಮಲ್ಲಿ ಕ್ಯೂ ನಿಲ್ಲಾಕ ಒಲ್ಲೆ ಅಂದ್ರು. ಆಫೀಸಿನ ಮಂದಿ ಅದ ದಾರಿಯೊಳಗ ತಿರುಗಾಡ್ತಾರಲ್ರಿ. ಮನಿಯೊಳಗ ಇಬ್ಬರಿಗೂ ಬ್ಯಾನಿ ಇದ್ದಾಗ ಗುಳಿಗಿ ನಾ ಒಬ್ಬಾಕೆನ ಹೆಂಗ ನುಂಗ್ಲಿ? ನೀವ ಹೇಳಿದ್ರಲ್ರಿ, ಒಬ್ಬಾಕಿ ಚೆಂದ ಇದ್ರ ಸಾಕೇನು ಅಂತ."

ದಿನಕ್ಕೊಂದು ಮಾತ್ರೆ ಖಾಲಿಯಾಗುತ್ತಲೇ ಇತ್ತು. ಅದು ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ನನ್ನ ತಟ್ಟೆ ಹೇಳುವ ಹಾಗಿರಲಿಲ್ಲ. ಆ ಮನೆಯಲ್ಲಿ ಗಂಡನಿಗೆ ಬಡಿಸದೆ ಅವಳು ಒಂದು ತುತ್ತೂ ತಿಂದವಳಲ್ಲ. ಇದ್ದದ್ದನ್ನು ಹಂಚಿಕೊಳ್ಳುವುದೊಂದೇ ಅವಳಿಗೆ ಗೊತ್ತಿದ್ದ ನ್ಯಾಯ. ಇದೆಲ್ಲ ನನಗೆ ಈಗ ಅರ್ಥವಾಗುತ್ತದೆ. ಆಗ ನಾನು ಮಾಡಿದ್ದು ಕಿರುಚಾಟ.

"ಇದೇನು ಪ್ರಸಾದನಾ ಹಂಚ್ಕೊಂಡು ತಿನ್ನೋಕೆ? ಎಚ್‌ಐವಿಗೆ ಅರ್ಧ ಔಷಧಿ ಅಂದ್ರೆ ವಿಷ ಇದ್ದ ಹಾಗೆ! ಇಬ್ರೂ ಸಾಯ್ತೀರ!"

ಗಂಡ ಧಡಕ್ಕನೆ ಎದ್ದು ಬಾಗಿಲು ಹಾಕಿದ. "ಮೇಡಮ್ಮಾರ, ಕೈ ಮುಗೀತೀನಿ, ಸಾವಕಾಶ ಮಾತಾಡ್ರಿ. ಕೆಳಗ ಮಂದಿ ಅದಾರ" ಎಂದ. ಆಗ ನಾನು ತಗ್ಗಿದೆ. ಕೂತು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೀಗೆ ಹಂಚಿಕೊಂಡರೆ ಇಬ್ಬರಿಗೂ ಮಾತ್ರೆ ನಾಟುವುದಿಲ್ಲ, ಅವನ ಹೆಸರು ಬರೆಸಿದರೆ ಅವನಿಗೆ ಬೇರೆ ಡಬ್ಬಿ ಪುಕ್ಕಟೆ ಸಿಗುತ್ತದೆ, ಅವಳಿಗೆ ಇನ್ನೂ ಸಮಯವಿದೆ ಎಂದೆ. ಅವಳು ಎರಡು ಸಲ ಕೇಳಿದಳು, "ಅವರಿಗೆ ಬ್ಯಾರೆ ಡಬ್ಬಿ ಕೊಡ್ತೀರೇನ್ರಿ ಖರೇನ?" ಕೊಡುತ್ತೇವೆ ಎಂದೆ. ಸೋಮವಾರ ಇಬ್ಬರೂ ಬರುವುದಾಗಿ ಒಪ್ಪಿದರು. ಹೊರಡುವಾಗ ಅವಳು ನನ್ನ ಕೈಗೆ ಒಂದಿಷ್ಟು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಸತ್ಯ ಹೇಳಬೇಕೆಂದರೆ, ಮೆಟ್ಟಿಲಿಳಿಯುವಾಗ ನನಗೆ ನನ್ನ ಮೇಲೆ ಹೆಮ್ಮೆಯೇ ಆಗಿತ್ತು.

ಕೆಳಗೆ ಓನರ್ ಹೆಂಗಸು ಸೊಪ್ಪು ಬಿಟ್ಟು ಎದ್ದು ನಿಂತಿದ್ದರು.

"ಹೊಲಿಗೆ ಕ್ಲಾಸು ಎಲ್ಲಿ ಮೇಡಂ ನಿಮ್ದು?"

"ಜೆ.ಪಿ. ನಗರದಲ್ಲಿ."

"ಏನೇನು ಹೇಳ್ಕೊಡ್ತೀರಾ?"

"ಬ್ಲೌಸು, ಚೂಡಿದಾರು, ಎಲ್ಲಾ."

ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಸ್ವಲ್ಪ ಕೆಳಗಿತ್ತು. ವೇಲ್ ಜಾರಿದೆಯೇನೋ ಎಂದು ಎಳೆದುಕೊಂಡೆ. "ಓಹೋ" ಎಂದರು ಅವರು, ಮತ್ತೇನೂ ಕೇಳಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ಎದೆಗೆ ಏನೋ ತಾಗಿದಂತಾಗಿ ಬಗ್ಗಿ ನೋಡಿದೆ. ಐಡಿ ಕಾರ್ಡ್ ಕೊರಳಲ್ಲೇ ಇತ್ತು. ಫೋಟೋ, ಅದರ ಪಕ್ಕದಲ್ಲಿ ಕೆಂಪು ರಿಬ್ಬನ್, ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಸೆಂಟರಿನ ಹೆಸರು. ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಬೈದು ಮುಂದೆ ಹೋದ. ಸ್ಕೂಟರ್ ಪಕ್ಕಕ್ಕೆ ಹಾಕಿ ಅವಳಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಸೆಂಟರಿಗೆ ಬಂದು ಮತ್ತೆ ಮಾಡಿದೆ. ಸಂಜೆ ಸ್ವಿಚ್ ಆಫ್ ಎಂದು ಬಂತು.

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನಾನು ಹೋಗಿಬಂದದ್ದನ್ನು ಸಹೋದ್ಯೋಗಿಗೆ ಹೇಳಿರಲಿಲ್ಲ; ಅವಳೇ ಬರುತ್ತಾಳಂತೆ, ಸೋಮವಾರ ಯಾರನ್ನೂ ಕಳಿಸಬೇಡಿ ಎಂದಿದ್ದೆ. ಈಗ ಹೋಗಿ ನೋಡಿ ಬನ್ನಿ ಎಂದಷ್ಟೇ ಅಂದೆ. ಅವರು ರೂಮು ಬಾಡಿಗೆಗೆ ಕೇಳುವವರಂತೆ ಹೋಗಿ ಮಧ್ಯಾಹ್ನ ವಾಪಸು ಬಂದರು.

"ಖಾಲಿ ಮೇಡಂ" ಎಂದರು. "ಟು-ಲೆಟ್ ಬೋರ್ಡ್ ಹಾಕಿದಾರೆ. ಶುಕ್ರವಾರ ಬೆಳಿಗ್ಗೆನೇ ಸಾಮಾನು ಹೊರಗಿಟ್ಟಿದ್ರಂತೆ. ರೂಮೆಲ್ಲಾ ಫಿನಾಯಿಲ್ ಹಾಕಿ ತೊಳ್ಸಿದಾರೆ, ಇನ್ನೂ ವಾಸನೆ ಬರ್ತಿತ್ತು. ಆ ಆಂಟಿ ಪಿಜಿಗೂ ಹೋಗಿ ಹೇಳಿದಾರೆ, ಹುಡುಗ್ರು ಊಟ ಮಾಡೋ ಜಾಗ ಅಂತ." ಡ್ರಾಯರಿನಿಂದ ತಮ್ಮ ಐಡಿ ಕಾರ್ಡ್ ತೆಗೆಯುತ್ತ, "ಏಡ್ಸ್ ಆಫೀಸಿಂದ ಒಬ್ರು ಮೇಡಂ ಬಂದಿದ್ರು, ಟ್ಯಾಗ್ ಹಾಕ್ಕೊಂಡು, ಅಂದ್ರು" ಎಂದರು. ಅವರು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಅವಳ ಹತ್ತಿರ ಇನ್ನೂ ಒಂದೂವರೆ ಡಬ್ಬಿ ಮಾತ್ರೆ ಇತ್ತು. ನನ್ನ ಮಾತು ಕೇಳಿ ಅವಳೊಬ್ಬಳೇ ತೆಗೆದುಕೊಂಡರೂ, ಮೊದಲಿನ ಹಾಗೆ ಹಂಚಿಕೊಂಡರೂ ಅಷ್ಟೇ ದಿನ ಬರುತ್ತದೆ. ಹಂಚಿಕೊಂಡೇ ಇರುತ್ತಾಳೆ ಎಂದು ನನಗೆ ಗೊತ್ತಿತ್ತು. ಮಾತ್ರೆ ಮುಗಿಯುವ ದಿನ ಬಂತು. ಅವತ್ತು ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡಿದೆ. ಆ ದಿನ ದಾಟಿತು. ಮುಂದಿನ ತಿಂಗಳು ತಪ್ಪಿಸಿಕೊಂಡವರ ಪಟ್ಟಿಯಲ್ಲಿ ಅವಳ ನಂಬರ್ ಬಂತು, ಅದರ ಮುಂದಿನ ತಿಂಗಳೂ ಬಂತು. ಅವಳು ಬೇರೆ ಎಲ್ಲಾದರೂ ಮಾತ್ರೆಗೆ ಹೆಸರು ಬರೆಸಿದ್ದರೆ ಆ ಸೆಂಟರಿನವರು ನಮ್ಮನ್ನು ಕೇಳಬೇಕಿತ್ತು, ಯಾರೂ ಕೇಳಲಿಲ್ಲ. ವಸಂತಪುರದ ನನ್ನ ಮನೆಯಿಂದ ಹೊರಟು ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ, ಬಸ್ಸಿನ ಕಿಟಕಿಯಲ್ಲಿ ಸೊರಗಿದ ಹೆಂಗಸಿನ ಮುಖ ಕಂಡರೆ ಕತ್ತು ಚಾಚಿ ನೋಡುತ್ತಿದ್ದೆ.

ಹತ್ತು ತಿಂಗಳ ಮೇಲೆ ಒಂದು ಬೆಳಿಗ್ಗೆ ಸೆಂಟರಿನ ಫೋನಿಗೆ ಕರೆ ಬಂತು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಹಾಗೆಯೇ ಕೌನ್ಸೆಲರ್ ಆಗಿದ್ದ ಹುಡುಗಿ. ನಮ್ಮ ಸೆಂಟರಿನ ಒಬ್ಬ ಪೇಷಂಟಿನ ರಕ್ತದ ರಿಪೋರ್ಟ್ ಬೇಕು ಎಂದು ಹೇಳಿ ನಂಬರ್ ಓದಿದಳು. ಅವಳ ನಂಬರ್. ಫೈಲ್ ನೋಡದೆ ನನಗೆ ಬಾಯಿಗೇ ಬರುತ್ತಿತ್ತು.

"ಬಂದಿದಾರಾ?" ಎಂದೆ. ಖುಷಿಗೆ ಕಿರುಚಿಯೇಬಿಟ್ಟಿದ್ದೆ, ಕ್ಯೂನಲ್ಲಿದ್ದವರು ತಿರುಗಿ ನೋಡಿದರು.

"ಇಲ್ರಿ, ಅವರ ಗಂಡ ಬಂದಾರ್ರಿ. ಅವರದು ಹೊಸದಾಗಿ ಹೆಸರು ಬರಸೇವಿ. ಮೊದಲೆಲ್ಲಾ ಹೆಂಡತಿ ಗುಳಿಗಿ ಹಂಚಕೊಂಡು ತಿಂತಿದ್ದೆ ಅಂತ ಅವರ ಹೇಳಿದ್ರು. ಯಾವ ಔಷಧ ಕೊಡಬೇಕು ಅಂತ ನೋಡಾಕ ಡಾಕ್ಟರ್ ಆಕಿ ರಿಪೋರ್ಟ್ ಕೇಳಾಕತ್ಯಾರ್ರಿ. ನೀವು ಆಕಿಗೆ ಕೊಟ್ಟಿದ್ದ ಪುಸ್ತಕದಾಗ ನಿಮ್ಮ ನಂಬರ್ ಇತ್ತು."

"ಆಕೆ?"

"ಆಕಿ ತೀರಿಕೊಂಡು ಎರಡು ತಿಂಗಳ ಆತಂತ್ರಿ. ಟಿಬಿ ಆಗಿತ್ತು."

"ನಿಮ್ಮ ಆಸ್ಪತ್ರೆ ಹತ್ರಾನೇ ಇತ್ತಲ್ಲ. ಯಾಕೆ ಬರ್ಲಿಲ್ಲ ಅಂತೆ?"

"ಗಂಡ ಭಾಳ ಕರದಾರಂತ್ರಿ. ಆಕಿ ಒಲ್ಲೆ ಅಂದ್ಲಂತ. ಹೆಸರು ಬರಸಿದ್ರ ಇಲ್ಲಿಂದನೂ ಯಾರರೆ ಮನಿ ಹುಡುಕ್ಕೊಂಡ ಬರ್ತಾರ, ಊರಾಗಿಂದ ಓಡಸಿದ್ರ ಮತ್ತೆಲ್ಲಿ ಹೋಗೂದು ಅಂತ ಅಂಜಿದ್ಲಂತ್ರಿ. ನೀ ಗಂಡಸು, ನೀ ಹೋಗಿ ತಗೋ ಅಂತ ಅವರಿಗೆ ಹೇಳ್ತಿದ್ಲಂತ."

ಫೈಲ್ ತೆಗೆದೆ. ರಿಪೋರ್ಟಿನ ಹಾಳೆ ಹುಡುಕಿದೆ.

"ಹೇಳ್ರಿ ಮೇಡಂ, ಬರಕೋತೀನಿ" ಎಂದಳು.

ಸಂಖ್ಯೆ ಓದಿದೆ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಓದಿದೆ. ಥ್ಯಾಂಕ್ಸ್ ಹೇಳಿದಳು. ಅವಳ ಮನೆ ಹುಡುಕಿಕೊಂಡು ಹೋದವರು ಯಾರು ಎಂದು ಆ ಹುಡುಗಿ ಕೇಳಲಿಲ್ಲ. ನಾನೂ ಹೇಳಲಿಲ್ಲ.